ಮೊದಲು ಇಳಿದ ಹಕ್ಕಿ

ಸರ್ದಾರ್ ಸಾಬರ ಪಾರಿವಾಳಗಳ ಮೇಲೆ ಒಂದು ಕಾಲದಲ್ಲಿ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ. ಯಶವಂತಪುರದ ನಮ್ಮ ಬೀದಿಯಲ್ಲಿ ಅವರ ತಾರಸಿಗೂ ನಮ್ಮ ತಾರಸಿಗೂ ನಡುವೆ ಇದ್ದದ್ದು ಮೊಣಕಾಲೆತ್ತರದ ಒಂದು ಗೋಡೆ. ನಾನು ಸಂಡಿಗೆ ಇಟ್ಟು ಕೆಳಗಿಳಿದರೆ ಸಾಕು, ಗೋಡೆಯಾಚೆಯಿಂದ ಅವರ ಹಕ್ಕಿಗಳು ದಿಬ್ಬಣದ ಹಾಗೆ ಬಂದುಬಿಡುತ್ತಿದ್ದವು. ತಿಂದರೆ ತಿನ್ನಲಿ, ಹೊಟ್ಟೆಪಾಡು. ತಿಂದ ಜಾಗದಲ್ಲೇ ಹಿಕ್ಕೆ ಹಾಕಿ ಹೋಗುತ್ತಿದ್ದವಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿ. ಶಾಲೆಯಲ್ಲಿ ಒಂದು ತರಗತಿಯನ್ನೇ ಬರೀ ಕಣ್ಣಲ್ಲಿ ಕೂರಿಸುತ್ತಿದ್ದವಳು ನಾನು. ಆ ಪಾರಿವಾಳಗಳು ಮಾತ್ರ ನನಗೆ ಕ್ಯಾರೇ ಅನ್ನುತ್ತಿರಲಿಲ್ಲ.

ಜಗಳಕ್ಕೆ ಹೋದರೆ ಆ ಮನುಷ್ಯನ ಜೊತೆ ಜಗಳವಾಡುವುದೂ ಕಷ್ಟ. ಉದ್ದಕ್ಕೆ, ತೆಳ್ಳಗೆ, ಗಾಳಿ ಬಂದರೆ ಬಾಗುವ ಆಳು. ‘ತಪ್ಪಾಯ್ತು ಟೀಚರಮ್ಮ’ ಅಂದು, ಗೋಡೆ ದಾಟಿ ಬಂದು, ತಾವೇ ನಮ್ಮ ತಾರಸಿ ತೊಳೆದು ಹೋಗುತ್ತಿದ್ದರು. ಕಾಳುಕಡ್ಡಿ ಮಂಡಿಗಳ ಯಾರ್ಡಿನ ಗೇಟಿನ ಎದುರು ಅವರದೊಂದು ಸಣ್ಣ ಅಂಗಡಿ. ಹರಿದ ಗೋಣಿಚೀಲ ಕೊಂಡು, ತೇಪೆ ಹಾಕಿ, ಮತ್ತೆ ಮಂಡಿಯವರಿಗೇ ಮಾರುವುದು. ದಬ್ಬಳ ಹಿಡಿದೂ ಹಿಡಿದೂ ಬಲಗೈ ಹೆಬ್ಬೆರಳು ಕೊರಡಾಗಿತ್ತು. ಚೀಲ ಕೊಡವಿದಾಗ ಮೂಲೆಗಳಲ್ಲಿ ಸಿಕ್ಕಿಕೊಂಡಿದ್ದ ಜೋಳ, ಸಜ್ಜೆ, ಕಡಲೆ ಉದುರುತ್ತದಲ್ಲ, ಅದನ್ನೆಲ್ಲ ಗುಡಿಸಿ, ಕೇರಿ, ಹಕ್ಕಿಗಳಿಗೆ ತರುತ್ತಿದ್ದರು. ಅವರ ಹೆಂಡತಿ ನಜ್ಮುನ್ನೀಸಾ ನನ್ನ ಹತ್ತಿರ ಹೇಳಿಕೊಂಡು ನಗುತ್ತಿದ್ದಳು, ತನಗೆ ಸವತಿ ಇಲ್ಲ ಅಂತ ಯಾರೂ ತಿಳಿಯಬೇಡಿ, ತಾರಸಿ ತುಂಬ ಇದ್ದಾರೆ ಅಂತ.

ಸವತಿಯರಲ್ಲಿ ಪಟ್ಟದರಸಿ ಸುರ್ಮಾ. ಬೂದಿ ಬಣ್ಣದ ಹೆಣ್ಣು ಹಕ್ಕಿ, ಕಣ್ಣಿನ ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ. ವರ್ಷಕ್ಕೊಮ್ಮೆ, ಬಿಸಿಲು ಏರುವ ಮುಂಚಿನ ದಿನಗಳಲ್ಲಿ, ಅಮೃತಹಳ್ಳಿಯ ಲಕ್ಕಣ್ಣನ ಹಕ್ಕಿಯ ಮೇಲೆ ಸುರ್ಮಾಳ ಪಂದ್ಯ. ಲಕ್ಕಣ್ಣ ದ್ರಾಕ್ಷಿ ತೋಟದವನು, ಗಟ್ಟಿಮುಟ್ಟಾದ ಒಕ್ಕಲಿಗ. ಅವನ ಹಕ್ಕಿಯ ಹೆಸರು ಕೆಂಚ. ಈ ಇಬ್ಬರ ಪಂದ್ಯವೆಂದರೆ ಇತ್ತ ಮತ್ತೀಕೆರೆಯಿಂದ ಅತ್ತ ಯಲಹಂಕದವರೆಗೂ ಹಕ್ಕಿ ಸಾಕುವವರಿಗೆಲ್ಲ ಅದೇ ಮಾತು.

ಆಟ ಬಹಳ ಸರಳ. ಸೂರ್ಯ ಹುಟ್ಟುವಾಗ ಇಬ್ಬರೂ ಅವರವರ ಮನೆಯ ಮೇಲಿಂದ ಹಕ್ಕಿಯನ್ನು ಹಾರಿಬಿಡುತ್ತಾರೆ. ಯಾರ ಹಕ್ಕಿ ಹೆಚ್ಚು ಹೊತ್ತು ಕೆಳಗಿಳಿಯದೆ ಆಕಾಶದಲ್ಲಿ ಇರುತ್ತದೋ ಅವರದು ಗೆಲುವು. ಮೊದಲು ಇಳಿದವನು ಸೋತ, ಕೊನೆಗೆ ಇಳಿದವನು ಗೆದ್ದ. ಓಡುವುದು, ಮುಟ್ಟುವುದು, ಹೊಡೆಯುವುದು ಒಂದೂ ಇಲ್ಲ. ಕತ್ತೆತ್ತಿಕೊಂಡು ಕೂರುವುದೇ ಆಟ. ನಮ್ಮ ಯಜಮಾನರು ಇದನ್ನು ಸೋಮಾರಿಗಳ ಒಲಿಂಪಿಕ್ಸ್ ಅನ್ನುತ್ತಿದ್ದರು.

ಆದರೆ ಆ ಸೋಮಾರಿ ಆಟಕ್ಕೂ ಎರಡು ಕಟ್ಟುಪಾಡುಗಳಿದ್ದವು. ಒಂದು, ಬಿಳಿ ಬಟ್ಟೆಯದು. ಪಾರಿವಾಳವನ್ನು ಕೆಳಗೆ ಕರೆಯಲು ಸರ್ದಾರ್ ಸಾಬರು ದಿನಾ ಸಂಜೆ ಉದ್ದ ಬಿದಿರು ಗಳುವಿನ ತುದಿಗೆ ಬಿಳಿ ಬಟ್ಟೆ ಕಟ್ಟಿ ಆಡಿಸುತ್ತಿದ್ದರು. ಅದು ಕಂಡರೆ ಹಕ್ಕಿಗೆ ಕಾಳು ಹಾಕಿದರು ಅಂತ ಅರ್ಥ, ಎಷ್ಟೇ ಎತ್ತರದಲ್ಲಿದ್ದರೂ ಕಲ್ಲು ಬಿದ್ದ ಹಾಗೆ ಇಳಿದುಬಿಡುತ್ತಿತ್ತು. ಹಾಗಾಗಿ ಪಂದ್ಯದ ಹಿಂದಿನ ದಿನ ಅವರು ಮನೆ ಮನೆಗೆ ಬಂದು, ಬಾಗಿಲಲ್ಲಿ ನಿಂತು, ನಾಳೆ ಒಂದು ದಿನ ತಾರಸಿ ಮೇಲೆ ಬಿಳೀದು ಏನೂ ಒಣಹಾಕಬೇಡಿ ಅಂತ ಕೈಮುಗಿದು ಕೇಳುತ್ತಿದ್ದರು. ಪಂದ್ಯ ಭಾನುವಾರ, ಅದೊಂದೇ ದಿನ ನನಗೆ ಬಟ್ಟೆ ಒಗೆಯಲು ಪುರುಸೊತ್ತು. ಆದರೂ ಬೈದುಕೊಂಡೇ ಯಜಮಾನರ ಪಂಚೆಗಳನ್ನು ಮನೆಯೊಳಗೆ ಹಗ್ಗ ಕಟ್ಟಿ ಒಣಹಾಕುತ್ತಿದ್ದೆ. ನಾನಷ್ಟೇ ಅಲ್ಲ, ಇಡೀ ಬೀದಿ ಹಾಗೇ ಮಾಡುತ್ತಿತ್ತು.

ಇನ್ನೊಂದು ಕಟ್ಟುಪಾಡು ಮಾತಿನದು. ಇಬ್ಬರ ಮನೆಗಳ ನಡುವೆ ಎರಡು ಹರದಾರಿ ದೂರ, ಫೋನಿಲ್ಲ. ಯಾರ ಹಕ್ಕಿ ಯಾವಾಗ ಇಳಿಯಿತು ಅಂತ ನೋಡುವವರು ಯಾರು? ಅದಕ್ಕೇ ಎದುರಾಳಿ ಮನೆಯಿಂದ ಒಬ್ಬರು ಬಂದು ಇವರ ತಾರಸಿ ಮೇಲೆ ಕೂರಬೇಕು, ಇವರ ಮನೆಯವರು ಹೋಗಿ ಅವರಲ್ಲಿ ಕೂರಬೇಕು. ಊಟ ಅಲ್ಲೇ. ಸಂಜೆ ಇಬ್ಬರೂ ಕಂಡದ್ದನ್ನು ಕಂಡಹಾಗೆ ಹೇಳಬೇಕು. ಆಮೇಲೆ ಸೋತವನೇ ಗೆದ್ದವನ ಮನೆಗೆ ಹೋಗಿ, ಹೊಸಿಲ ಹತ್ತಿರ ನಿಂತು, ತನ್ನ ಬಾಯಾರೆ ಹೇಳಬೇಕು: ‘ನಿಮ್ದು ನಿಂತ್ಕೊಂತು, ನಮ್ದು ಇಳೀತು.’ ಕಪ್ಪಿಲ್ಲ, ಪದಕವಿಲ್ಲ. ಸೋತವನ ಬಾಯಿಂದ ಆ ಮಾತು ಬಂದರೆ ಅದೇ ಕಪ್ಪು. ಹೀಗೆ ನಡೆಯುವ ಆಟದಲ್ಲಿ ಒಬ್ಬ ಒಂದು ಸಲ ಸುಳ್ಳಾಡಿದ ಅಂತ ಆದರೆ ಅವನ ಮನೆಗೆ ಮತ್ತೆ ಯಾರೂ ಬಂದು ಕೂರುವುದಿಲ್ಲ. ಮಾತು ಹೋದರೆ ಆಟವೇ ಹೋಯಿತು.

ಎಂಬತ್ತೈದನೇ ಇಸವಿ ಅದು. ನಮ್ಮ ಮನೆಗೆ ಟೀವಿ ಬಂದು ಎರಡು ವರ್ಷವಾಗಿತ್ತು. ಯಜಮಾನರು ಜಾಲಹಳ್ಳಿಯ ಕಾರ್ಖಾನೆಯಲ್ಲಿದ್ದರು, ಬೀದಿಗೆ ಮೊದಲ ಟೀವಿ ನಮ್ಮದೇ. ಮರದ ಬಾಗಿಲಿನ ಕಪ್ಪುಬಿಳುಪು ಪೆಟ್ಟಿಗೆ. ನನಗೆ ಆ ಪೆಟ್ಟಿಗೆಯ ಮೇಲೂ ಸಿಟ್ಟಿತ್ತು ಅನ್ನಿ. ಕ್ರಿಕೆಟ್ ಇದ್ದರೆ ಐದು ದಿನ ಬೇರೆ ಏನೂ ಇಲ್ಲ, ಒಬ್ಬ ಬ್ಯಾಟು ಕುಟ್ಟುತ್ತಾ ನಿಂತದ್ದನ್ನೂ ತೋರಿಸುತ್ತಾರೆ, ಚಹಾ ಕುಡಿಯಲು ಹೋದದ್ದನ್ನೂ ತೋರಿಸುತ್ತಾರೆ. ನಮ್ಮ ಕಬಡ್ಡಿ, ಗರಡಿ ಕುಸ್ತಿ, ಲಗೋರಿ ಇವೆಲ್ಲ ವಾರಕ್ಕೊಂದು ಸಲ ‘ನಮ್ಮ ನಾಡಿನ ಆಟ’ ಅನ್ನುವ ಚೂರು ಕಾರ್ಯಕ್ರಮದಲ್ಲಿ ಮಿಂಚಿ ಮಾಯ. ಕುಸ್ತಿಯವನು ತೊಡೆ ತಟ್ಟಿದ್ದು ಕಾಣುತ್ತಿತ್ತು, ಚಿತ್ ಆದದ್ದು ಯಾರು ಅಂತ ತಿಳಿಯುವ ಮೊದಲೇ ವಾರ್ತೆ ಶುರು. ಆದರೂ ನೋಡುತ್ತಿದ್ದೆವು. ಏನೂ ಇಲ್ಲದ್ದಕ್ಕೆ ಇಷ್ಟಾದರೂ ಇದೆಯಲ್ಲ ಅಂತ.

ಆ ಕಾರ್ಯಕ್ರಮದವರು ಒಮ್ಮೆ ಯಾರ್ಡಿನಲ್ಲಿ ಹಮಾಲರ ಹಗ್ಗಜಗ್ಗಾಟ ಹಿಡಿಯಲು ಬಂದವರು ಸರ್ದಾರ್ ಸಾಬರ ಹಕ್ಕಿಯ ಸುದ್ದಿ ಕೇಳಿ, ಪಂದ್ಯದ ದಿನ ಕ್ಯಾಮೆರಾ ತರುತ್ತೇವೆ ಅಂದರು. ಸಾಬರು ಅವತ್ತು ಸಂಜೆ ನಮ್ಮ ಗೋಡೆಯ ಹತ್ತಿರ ಬಂದು ಅದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಲಕ್ಕಣ್ಣನ ಮನೆಗೂ ಹೋಗಿ ಅಂತ ಅವರೇ ಟೀವಿಯವರಿಗೆ ಎರಡೆರಡು ಸಲ ಹೇಳಿದ್ದರಂತೆ. ಹೆಬ್ಬಾಳ ದಾಟಿದ ಮೇಲೆ ರಸ್ತೆ ಸರಿಯಿಲ್ಲ, ಹೋಗಿಬರುವುದಕ್ಕೇ ಅರ್ಧ ದಿನ ಬೇಕು, ಒಂದು ಕಡೆ ಹಿಡಿದರೆ ಸಾಕು ಅಂದರಂತೆ ಅವರು. ನನಗೆ ಅಲ್ಲೇ ಸ್ವಲ್ಪ ಕಸಿವಿಸಿಯಾಯಿತು. ಇಬ್ಬರ ಪಂದ್ಯದಲ್ಲಿ ಒಬ್ಬನನ್ನೇ ತೋರಿಸಿದರೆ ಅದೆಂಥ ಪಂದ್ಯ?

ಪಂದ್ಯದ ಬೆಳಿಗ್ಗೆ ಅಮೃತಹಳ್ಳಿಯಿಂದ ಲಕ್ಕಣ್ಣನ ಸೋದರಮಾವ ದೊಡ್ಡಮುನಿಯಪ್ಪ ಮೊದಲ ಬಸ್ಸಿಗೇ ಬಂದು ತಾರಸಿ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದ. ಈ ಕಡೆಯಿಂದ ನಜ್ಮುನ್ನೀಸಾಳ ತಮ್ಮ ಮನ್ಸೂರ್ ಅಲ್ಲಿಗೆ ಹೋಗಿದ್ದ. ಸುರ್ಮಾ ಹಾರಿದಳು. ಬೀದಿಯ ಮೇಲೆ ಎರಡು ಸುತ್ತು ಹೊಡೆದು, ರೈಲ್ವೆ ಸ್ಟೇಷನ್ನಿನ ಕಡೆ ವಾಲಿ, ಏರುತ್ತ ಏರುತ್ತ ಒಂದು ಸಾಸಿವೆ ಕಾಳಾದಳು. ನಾನು ಗೋಡೆಯ ಈಚೆ ಮೆಣಸಿನಕಾಯಿ ಒಣಹಾಕುತ್ತಾ ನೋಡುತ್ತಿದ್ದೆ. ಮೆಣಸಿನಕಾಯಿ ಕೆಂಪಲ್ಲವೇ, ಅದಕ್ಕೆ ಅಪ್ಪಣೆ ಇತ್ತು.

ಟೀವಿಯವರು ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ಮುಂದಾಳು ಕಪ್ಪು ಕನ್ನಡಕದ ಹುಡುಗ, ಒಳ್ಳೆಯವನೇ, ನನಗೂ ನಮಸ್ಕಾರ ಹೇಳಿದ. ಆದರೆ ಕ್ಯಾಮೆರಾ ಮೇಲಕ್ಕೆತ್ತಿ ನೋಡಿದವನಿಗೆ ಕಂಡದ್ದು ಖಾಲಿ ಆಕಾಶ. ಹಕ್ಕಿ ಎಲ್ಲಿ ಅಂದ. ಸಾಬರು ಬೆರಳು ತೋರಿಸಿದರು. ಅವನಿಗೆ ಕಾಣಲಿಲ್ಲ. ಯಾವಾಗ ಇಳಿಯುತ್ತದೆ ಅಂತ ಕೇಳಿದ್ದಕ್ಕೆ, ದೇವರ ದಯೆ ಇದ್ದರೆ ಸಂಜೆ ನಮಾಜಿನ ಹೊತ್ತಾಗುತ್ತದೆ ಅಂದರು. ಅವನ ಮುಖ ಸಣ್ಣಗಾಯಿತು. ಮಧ್ಯಾಹ್ನ ಅವರು ಬೇರೆಲ್ಲೋ ಕ್ರಿಕೆಟ್ ಹಿಡಿಯಲು ಹೋಗಬೇಕಿತ್ತಂತೆ. ಸ್ವಲ್ಪ ಬೇಗ ಇಳಿಸಲು ಆಗುವುದಿಲ್ಲವೇ ಅಂತ ಕೇಳಿದ. ಸಾಬರು ನಕ್ಕು ತಲೆಯಾಡಿಸಿದರು, ಚಿಕ್ಕ ಮಗುವಿಗೆ ಹಾಗೆಲ್ಲ ಆಗದು ಅನ್ನುವ ಹಾಗೆ.

ಸರಿ, ಹಕ್ಕಿ ಬೇಡ, ನಿಮ್ಮ ಮಾತಾದರೂ ಹಿಡಿಯುತ್ತೇವೆ ಅಂದರು. ಸಾಬರನ್ನು ಗೂಡಿನ ಮುಂದೆ ನಿಲ್ಲಿಸಿದರು. ಬಿಸಿಲು ಅವರ ಬೆನ್ನಿಗೆ ಬಿದ್ದು ಮುಖ ಕಪ್ಪಾಗಿ ಕಾಣುತ್ತಿತ್ತಂತೆ. ಆಗ ಅವರ ಕಡೆಯ ಒಬ್ಬ ಕೆಳಗೆ ಜೀಪಿಗೆ ಹೋಗಿ ಬಂದ. ಅವನ ಕೈಯಲ್ಲಿ ಬಾಗಿಲಿನಷ್ಟು ದೊಡ್ಡ ಥರ್ಮಾಕೋಲ್ ಹಲಗೆ. ಮಲ್ಲಿಗೆಯಷ್ಟು ಬಿಳುಪು. ಅದನ್ನು ಬಿಸಿಲಿಗೆ ಹಿಡಿದು, ಬೆಳಕು ಸಾಬರ ಮುಖದ ಮೇಲೆ ಬೀಳಲಿ ಅಂತ ಮೇಲೆ ಕೆಳಗೆ ಆಡಿಸಿದ.

ನಾನು ನೋಡಿದೆ. ಕೈಯಲ್ಲಿದ್ದ ಮೆಣಸಿನಕಾಯಿ ಬಿಟ್ಟು ಗೋಡೆಯ ಹತ್ತಿರ ಓಡಿದೆ. ಸಾಬರಿಗೆ ಕಾಣುತ್ತಿರಲಿಲ್ಲ, ಆ ಬೆಳಕಿಗೆ ಅವರ ಕಣ್ಣು ಮುಚ್ಚಿಹೋಗಿತ್ತು. ದೊಡ್ಡಮುನಿಯಪ್ಪ ಚಾಪೆಯಿಂದ ಎದ್ದು ‘ಏಯ್, ಇಳ್ಸಪ್ಪ ಅದ್ನ’ ಅಂದ. ಅಷ್ಟರಲ್ಲಿ ಮೇಲಿಂದ ಸರ್ರನೆ ಸದ್ದಾಯಿತು. ಆಕಾಶದ ಸಾಸಿವೆ ಕಾಳು ಹಕ್ಕಿಯಾಗಿ, ನೇರ ಇಳಿದು, ಗೂಡಿನ ಮೇಲೆ ಕೂತು ಕಾಳು ಎಲ್ಲಿ ಅಂತ ಕತ್ತು ಹೊರಳಿಸಿತು. ವರ್ಷಗಟ್ಟಲೆ ಒಂದು ಬೀದಿಯ ಹೆಂಗಸರೆಲ್ಲ ಪಂಚೆ, ಹಾಸಿಗೆ ಹೊದಿಕೆ ಬಚ್ಚಿಟ್ಟುಕೊಂಡು ಕಾದದ್ದು ಒಂದು ಗಳಿಗೆಯಲ್ಲಿ ಮುಗಿದುಹೋಯಿತು.

ಟೀವಿಯವರು ಚಪ್ಪಾಳೆ ತಟ್ಟಿದರು. ಅವರಿಗೆ ತಮ್ಮ ಅದೃಷ್ಟವನ್ನು ನಂಬಲಾಗಲಿಲ್ಲ. ಕ್ಯಾಮೆರಾ ಸುರ್ಮಾಳನ್ನು ಹಿಡಿಯಿತು, ಆಮೇಲೆ ಸಾಬರ ಮುಖವನ್ನು ಹಿಡಿಯಿತು. ಸಾಬರು ಹಕ್ಕಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಎದೆಗೆ ಹಿಡಿದಿದ್ದರು. ಬಾಯಿ ಅರ್ಧ ತೆರೆದಿತ್ತು, ಕಣ್ಣಿಂದ ಬಳಬಳ ನೀರು. ಹೇಗನ್ನಿಸುತ್ತಿದೆ ಅಂತ ಕನ್ನಡಕದ ಹುಡುಗ ಕೇಳಿದ. ಸಾಬರು ಹಕ್ಕಿಯ ರೆಕ್ಕೆ ಸವರುತ್ತಲೇ ನಿಂತರು. ಇದೇ ಸಾಕು, ಚೆನ್ನಾಗಿ ಬಂತು ಅಂದುಕೊಂಡು ಅವರು ಗಂಟುಮೂಟೆ ಕಟ್ಟಿ ಹೊರಟರು.

ದೊಡ್ಡಮುನಿಯಪ್ಪ ನ್ಯಾಯಸ್ಥ. ಅವನೇ ಹೇಳಿದ.

‘ಇದು ಆಟ ಅಲ್ಲ ಸಾಬ್ರೇ. ಆ ಬಿಳೀದ್ ನೋಡ್ಕಂಡು ಇಳಿದೈತೆ. ಇನ್ನೊಂದ್ ದಿನ ಆರ್ಸಿ, ಲಕ್ಕಂಗೆ ನಾನ್ ಏಳ್ತೀನಿ.’

‘ಇಳಿದಿದ್ದು ಇಳಿದಿದ್ದೇ ಅಜ್ಜಾ,’ ಅಂದರು ಸಾಬರು. ‘ಯಾಕೆ ಇಳೀತು ಅಂತ ನಮ್ ಆಟದಲ್ಲಿ ಕೇಳೋದಿಲ್ಲ.’

ಲಕ್ಕಣ್ಣನ ಕೆಂಚ ಅವತ್ತು ದೀಪ ಹಚ್ಚುವವರೆಗೂ ಇಳಿಯಲಿಲ್ಲವಂತೆ, ಮನ್ಸೂರ್ ಬಂದು ಹೇಳಿದ. ಮರುದಿನ ಸಾಬರು ಅಂಗಡಿ ಮುಚ್ಚಿ, ಒಗೆದ ಜುಬ್ಬ ಹಾಕಿಕೊಂಡು ಅಮೃತಹಳ್ಳಿಗೆ ಹೋಗಿ, ಲಕ್ಕಣ್ಣನ ಹೊಸಿಲ ಹತ್ತಿರ ನಿಂತು ಹೇಳಬೇಕಾದ ಮಾತು ಹೇಳಿ ಬಂದರು. ಲಕ್ಕಣ್ಣನ ತಾಯಿ ಸೊಣ್ಣಮ್ಮ ಒಂದು ಬುಟ್ಟಿ ದ್ರಾಕ್ಷಿ ಕೊಟ್ಟಿದ್ದಳು. ನಮಗೂ ಒಂದು ಪಾಲು ಬಂತು. ಅಲ್ಲಿಗೆ ಎಲ್ಲ ಮುಗಿಯಿತು ಅಂತಲೇ ನಾವು ತಿಳಿದಿದ್ದೆವು.

ಕಾರ್ಯಕ್ರಮ ಬಂದದ್ದು ಮುಂದಿನ ಭಾನುವಾರ ಸಂಜೆ. ನಮ್ಮ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರ್ದಾರ್ ಸಾಬರು ಬರಲೋ ಬೇಡವೋ ಅಂತ ಬಾಗಿಲಲ್ಲಿ ನಿಂತಿದ್ದರು, ನಾನೇ ಗದರಿ ಒಳಗೆ ಕೂರಿಸಿದೆ. ಮೊದಲು ಯಾರ್ಡಿನ ಹಗ್ಗಜಗ್ಗಾಟ, ಆಮೇಲೆ ನಮ್ಮ ಬೀದಿ, ನಮ್ಮ ತಾರಸಿ, ನನ್ನ ಮೆಣಸಿನಕಾಯಿ. ಎಲ್ಲರೂ ಹೋ ಅಂದರು. ಸುರ್ಮಾ ಇಳಿದಳು. ಸಾಬರ ಕಣ್ಣೀರಿನ ಮುಖ ಪೆಟ್ಟಿಗೆಯ ತುಂಬ ಬಂತು. ಆಗ ಒಬ್ಬಳು ಹೆಣ್ಣುಮಗಳು ಸಕ್ಕರೆಯಂಥ ದನಿಯಲ್ಲಿ ಹೇಳಿದಳು: ಪಾರಿವಾಳ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮೊದಲು ಗೂಡು ಸೇರಿದ ಹಕ್ಕಿಗೇ ಜಯ, ಈ ಸಲದ ವಿಜೇತರು ಯಶವಂತಪುರದ ಸರ್ದಾರ್, ಅವರ ಕಣ್ಣಲ್ಲಿ ಆನಂದಬಾಷ್ಪ.

ನನ್ನ ಕೈಯಲ್ಲಿದ್ದ ಕಾಫಿ ಲೋಟ ಕೈಯಲ್ಲೇ ನಿಂತಿತು. ಲಕ್ಕಣ್ಣನ ಹೆಸರೂ ಬರಲಿಲ್ಲ. ದಿನವಿಡೀ ಆಕಾಶದಲ್ಲಿದ್ದ ಕೆಂಚ ಇಲ್ಲವೇ ಇಲ್ಲ. ಆಟವನ್ನೇ ತಲೆಕೆಳಗು ಮಾಡಿ, ಸೋತವನನ್ನು ಗೆದ್ದ ಅಂದುಬಿಟ್ಟಿದ್ದರು. ನನ್ನ ಜೀವನದಲ್ಲಿ ಅಚ್ಚಾದ ಸುಳ್ಳು ಓದಿದ್ದೇನೆ, ಬಾಯಿಮಾತಿನ ಸುಳ್ಳು ಬೇಕಾದಷ್ಟು ಕೇಳಿದ್ದೇನೆ. ನನ್ನ ಕಣ್ಣೆದುರು ನಡೆದದ್ದನ್ನು ನನ್ನ ಮನೆಯ ಹಜಾರದಲ್ಲೇ, ಕಣ್ಣಿಗೆ ತೋರಿಸಿಕೊಂಡೇ ಸುಳ್ಳು ಮಾಡಬಹುದು ಅಂತ ನನಗೆ ಗೊತ್ತಿರಲಿಲ್ಲ.

ಹಜಾರದ ತುಂಬ ಚಪ್ಪಾಳೆ. ಸಾಬರು ಎದ್ದು, ಕೂತವರ ನಡುವೆ ದಾರಿ ಮಾಡಿಕೊಂಡು, ಟೀವಿಯ ಮುಂದೆ ಹೋಗಿ ನಿಂತರು. ಅದಕ್ಕೆ ಏನೋ ಹೇಳುವವರ ಹಾಗೆ ಕೈ ಎತ್ತಿದರು. ಅಲ್ಲಿ ಆಗಲೇ ಬೇರೆ ಏನೋ ಬರುತ್ತಿತ್ತು.

‘ನಾನು ಸೋತಿದ್ದೀನಿ ಟೀಚರಮ್ಮ,’ ಅಂದರು ನನ್ನ ಕಡೆ ತಿರುಗಿ. ‘ಲಕ್ಕಣ್ಣ ಏನಂತ ತಿಳ್ಕೋತಾನೆ?’

ಬೀದಿಯಲ್ಲಿ ಆಟ ಗೊತ್ತಿದ್ದವರು ನಾಲ್ಕು ಜನ. ಉಳಿದವರೆಲ್ಲ ಬಿಳಿ ಬಟ್ಟೆ ಬಚ್ಚಿಡುತ್ತಿದ್ದರು ನಿಜ, ಯಾರು ಹೇಗೆ ಗೆಲ್ಲುತ್ತಾರೆ ಅಂತ ತಲೆ ಕೆಡಿಸಿಕೊಂಡವರಲ್ಲ. ಮಂಡಿಯವರು ಹಾರ ತಂದರು. ಸೋತೆ ಅಂದರೆ ನಗುತ್ತಿದ್ದರು. ಟೀವಿಯವರು ಅಷ್ಟು ದೂರದಿಂದ ಬಂದು ಸುಳ್ಳು ಹೇಳುತ್ತಾರಾ ಸಾಬ್ರೇ ಅನ್ನುತ್ತಿದ್ದರು.

ಅಮೃತಹಳ್ಳಿಯಲ್ಲಿ ಆದದ್ದೇ ಬೇರೆ. ಅಲ್ಲಿ ಪಂಚಾಯ್ತಿ ಕಟ್ಟೆಯ ಟೀವಿಯ ಮುಂದೆ ಸೊಣ್ಣಮ್ಮ ಮಗನ ಹಕ್ಕಿ ಬರುತ್ತದೆ ಅಂತ ಊರವರನ್ನೆಲ್ಲ ಕರೆದುಕೊಂಡು ಕೂತಿದ್ದಳಂತೆ. ಕಾರ್ಯಕ್ರಮ ಮುಗಿದ ಮೇಲೆ ಊರು ಲಕ್ಕಣ್ಣನನ್ನು ಆಡಿಕೊಂಡಿತು. ಸೋತೂ ಗೆದ್ದೆ ಅಂತ ಹೇಳಿಕೊಂಡು ತಿರುಗಿದನಲ್ಲ, ಮೂರು ಕಾಸಿನ ಮಾನ ಇಲ್ಲ ಅಂದರು. ಆ ವಾರವೇ ಲಕ್ಕಣ್ಣನ ಮನೆಯಿಂದ ಸುದ್ದಿ ಬಂತು. ಸರ್ದಾರ್ ಮನೆಗೆ ಇನ್ನು ನಮ್ಮ ಕಡೆಯಿಂದ ಯಾರೂ ಬಂದು ಕೂರುವುದಿಲ್ಲ, ಹೊಸಿಲಲ್ಲಿ ಒಂದು ಮಾತು, ಟೀವಿಯವರ ಮುಂದೆ ಒಂದು ಮಾತು ಆಡುವವನ ಜೊತೆ ಆಟವಿಲ್ಲ, ಹೀಗಂತ.

ಸಾಬರು ಕೂತಲ್ಲೇ ಕೂತರು. ದಬ್ಬಳ ಮುಟ್ಟಲಿಲ್ಲ. ಸಂಜೆ ಬಿಳಿ ಬಟ್ಟೆ ಆಡಿಸಲಿಲ್ಲ, ಹಕ್ಕಿಗಳು ತಾವೇ ಬಂದು ತಾವೇ ಗೂಡು ಸೇರಿದವು. ನಜ್ಮುನ್ನೀಸಾ ನನ್ನ ಹತ್ತಿರ ಬಂದು ಅತ್ತಳು. ನನಗೆ ತಡೆಯಲಾಗಲಿಲ್ಲ. ಶಾಲೆಗೆ ರಜೆ ಹಾಕಿ, ಸಾಬರನ್ನು ಎಬ್ಬಿಸಿಕೊಂಡು ಟೀವಿಯವರ ಆಫೀಸಿಗೆ ಹೋದೆ.

ಅಲ್ಲಿ ಕನ್ನಡಕದ ಹುಡುಗ ಸಿಕ್ಕ. ಕುರ್ಚಿ ಹಾಕಿಸಿದ, ಚಹಾ ತರಿಸಿದ. ಹೇಳಿದ್ದನ್ನೆಲ್ಲ ಕೇಳಿ ಪಾಪ ಅಂದ. ಆದರೆ ಅವನಿಗೆ ನಮ್ಮ ಕಷ್ಟ ಏನಂತ ಅರ್ಥವಾಗಲಿಲ್ಲ. ಗೆದ್ದ ಅಂತ ತೋರಿಸಿದ್ದೇವೆ, ಸೋತ ಅಂತ ತೋರಿಸಿದ್ದರೆ ನೀವು ಬೇಸರ ಮಾಡಿಕೊಳ್ಳಬೇಕಿತ್ತು ಅಂದ. ಹೇಗೂ ಸಣ್ಣ ಕಾರ್ಯಕ್ರಮ, ನಾಲ್ಕು ದಿನಕ್ಕೆ ಜನ ಮರೆಯುತ್ತಾರೆ, ತಿದ್ದುಪಡಿ ಅಂತೆಲ್ಲ ಹಾಕುವ ಪದ್ಧತಿ ಇದಕ್ಕಿಲ್ಲ ಅಂದ.

‘ಕ್ರಿಕೆಟ್ಟಲ್ಲಿ ಸೋತವರನ್ನ ಗೆದ್ದರು ಅಂತ ಹೇಳಿದ್ದಿದ್ರೆ?’ ಅಂತ ಕೇಳಿದೆ.

ಅವನು ನಕ್ಕುಬಿಟ್ಟ. ‘ಅದು ಹೇಗಾಗತ್ತೆ ಮೇಡಂ? ಅದು ಎಲ್ಲರಿಗೂ ಗೊತ್ತಿರೋ ಆಟ.’

ಅವನು ಕೆಟ್ಟವನಾಗಿದ್ದರೆ ನಾಲ್ಕು ಮಾತು ಅಂದು ಬರಬಹುದಿತ್ತು. ಚಹಾ ಕುಡಿಸಿ ಕಳಿಸುವವನಿಗೆ ಏನು ಅನ್ನುವುದು? ವಾಪಸ್ ಬರುವಾಗ ಬಸ್ಸಿನಲ್ಲಿ ಸಾಬರು ಒಂದೇ ಮಾತು ಆಡಿದರು. ಟೀವಿ ತಿದ್ದದಿದ್ದರೆ ಬಿಡಲಿ, ತಾನೇ ಅಮೃತಹಳ್ಳಿಗೆ ಹೋಗಿ ಊರ ಮುಂದೆ ಹೇಳುತ್ತೇನೆ, ಸೋತವನ ಬಾಯಿಂದ ಬಂದ ಮೇಲೆ ನಂಬದೆ ಏನು ಮಾಡುತ್ತಾರೆ ಅಂದರು. ಅವರಿಗೆ ಇನ್ನೂ ಆ ಕಟ್ಟುಪಾಡಿನ ಮೇಲೆ ನಂಬಿಕೆ ಇತ್ತು. ನನಗೂ ಇತ್ತು.

ಭಾನುವಾರ ಸಂಜೆ ಸಿನಿಮಾ ಹಾಕುವ ಹೊತ್ತಿಗೆ ಸಾಬರು, ನಜ್ಮುನ್ನೀಸಾ, ನಾನು ಮೂವರೂ ಅಮೃತಹಳ್ಳಿಗೆ ಹೋದೆವು. ಕಟ್ಟೆಯ ಮುಂದೆ ಊರಿಗೆ ಊರೇ ಕೂತಿತ್ತು. ಸಾಬರು ಪೆಟ್ಟಿಗೆಯ ಮುಂದೆ ಹೋಗಿ, ಪರದೆಗೆ ಅಡ್ಡವಾಗಿ ನಿಂತರು. ಯಾರೋ ಬೈದರು, ಆಮೇಲೆ ಗುರುತು ಹಿಡಿದು, ಟೀವೀಲಿ ಬಂದಿದ್ದವರು ಕಣ್ರೋ ಅಂದರು. ಗದ್ದಲ ನಿಂತಿತು.

‘ನಾನು ಗೆದ್ದಿಲ್ಲ,’ ಅಂದರು ಸಾಬರು. ‘ನನ್ ಹಕ್ಕಿ ಬೆಳಿಗ್ಗೇನೇ ಇಳೀತು. ಲಕ್ಕಣ್ಣನ ಕೆಂಚ ದೀಪ ಹಚ್ಚೋವರೆಗೂ ಇತ್ತು. ಟೀವೀಲಿ ಹೇಳಿದ್ದು ತಪ್ಪು. ಇವರ್ದು ನಿಂತ್ಕೊಂತು, ನಮ್ದು ಇಳೀತು. ದೇವರಾಣೆ.’

ಆಮೇಲೆ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಒಬ್ಬರಿಗೊಬ್ಬರು ಸೇರಿ ಇಡೀ ಊರೇ ತಟ್ಟಿತು. ಎಂಥ ದೊಡ್ಡ ಮನುಷ್ಯ, ಗೆದ್ದರೂ ಸೋತೆ ಅಂತಾನೆ, ಲಕ್ಕಣ್ಣನ ಮಾನ ಉಳಿಸಲು ಅಷ್ಟು ದೂರದಿಂದ ಬಂದಿದ್ದಾನೆ ಅಂದರು. ಒಬ್ಬ ಮುದುಕ ಬಂದು ಸಾಬರ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ಸೋತವನ ಬಾಯಿ ಹೇಳಿದ್ದನ್ನೂ ಜನ ನಂಬಲಿಲ್ಲ. ಇನ್ನು ಯಾರು ಹೇಳಬೇಕು? ದೊಡ್ಡಮುನಿಯಪ್ಪ ಅಲ್ಲೇ ಇದ್ದ, ಸಾಬರ ತಾರಸಿ ಮೇಲೆ ಚಾಪೆ ಹಾಸಿ ಎಲ್ಲವನ್ನೂ ಕಣ್ಣಾರೆ ಕಂಡವನು. ನೀವಾದರೂ ಹೇಳಿ ಅಂತ ಅವನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ.

‘ಕಂಡಿದ್ದು ನಿಜ ಕಣಮ್ಮ. ಆದ್ರೆ ಟೀವಿಯೋರು ಓದ್ದೋರು. ಮೊದ್ಲು ಬಂದಿದ್ದೇ ಗೆದ್ದಂಗೆ ಅಂತ ಈಗ ಮಾಡವ್ರೇನೋ, ನಮ್ಗೇ ಗೊತ್ತಿಲ್ದೆ ಇರ್ಬೋದು.’

ಲಕ್ಕಣ್ಣ ಚಪ್ಪಾಳೆ ತಟ್ಟಿರಲಿಲ್ಲ. ಮರದ ಕೆಳಗೆ ಕೈಕಟ್ಟಿ ನಿಂತಿದ್ದವನು ಬಂದು, ಸಾಬರ ರಟ್ಟೆ ಹಿಡಿದು, ಮನೆಗೆ ಕರೆದುಕೊಂಡು ಹೋದ. ಜಗಲಿಯಲ್ಲಿ ಸೊಣ್ಣಮ್ಮ ನೀರು ಕೊಟ್ಟು ಒಳಗೆ ಹೋದಳು, ಮುಖ ಕೊಡಲಿಲ್ಲ. ಲಕ್ಕಣ್ಣನೇ ಮೊದಲು ಮಾತೆತ್ತಿದ.

‘ನಿಮ್ಮೇಲೆ ಅನ್ಮಾನ ಪಟ್ಟಿದ್ದೆ ಸಾಬ್ರೇ, ಅದು ಓಯ್ತು ಈಗ. ನನ್ ಮೇಲೇ ನಂಗೆ ಅನ್ಮಾನ ಬಂದಿತ್ತು. ಕೆಂಚ ಅವತ್ತು ಮಧ್ಯದಾಗೆ ಒಂದ್ಸಲ ಎಲ್ಲಾದ್ರೂ ಇಳಿದು ಎದ್ನೇನೋ, ನಾನೇ ಸರಿಯಾಗಿ ನೋಡ್ಲಿಲ್ವೇನೋ ಅಂತ. ಟೀವಿ ನೋಡಿದ್ಮೇಲೆ ನನ್ ಕಣ್ಣೇ ನಂಗೆ ಸುಳ್ಳಾಗೋಯ್ತು.’

ಸಾಬರು ಎದ್ದು ಅವನ ಎರಡೂ ಕೈ ಹಿಡಿದುಕೊಂಡರು. ಬರುವಾಗ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಗೆದ್ದವನಿಗೇ ತಾನು ಗೆದ್ದದ್ದು ಹೌದೋ ಅಲ್ಲವೋ ಅನ್ನಿಸುವ ಹಾಗೆ ಮಾಡಿದ್ದರಲ್ಲ, ಅದೂ ಚಹಾ ಕುಡಿಸುವಂಥ ಒಳ್ಳೆ ಜನ.

ಮುಂದಿನ ವರ್ಷ ಇನ್ನೊಂದು ಪವಾಡ ಆಯಿತು. ಸ್ಟೇಷನ್ ಕಡೆಯ ಹುಡುಗರು ಒಂದು ಸಂಘ ಕಟ್ಟಿಕೊಂಡು ಪಾರಿವಾಳ ಪಂದ್ಯ ಇಟ್ಟರು. ಟೀವಿಯಲ್ಲಿ ಹೇಳಿದ ರೂಲ್ಸೇ ಅವರ ರೂಲ್ಸು. ಎಲ್ಲರೂ ಮೈದಾನದಿಂದ ಒಟ್ಟಿಗೆ ಬಿಡುವುದು, ಯಾರದು ಮೊದಲು ಮನೆ ಸೇರುತ್ತದೋ ಅವರಿಗೆ ಕಪ್ಪು. ಟೀವಿಯವರಿಗೆ ಹೇಳಿ ಕಳಿಸಿದ್ದರು, ಬಂದರು. ಬೆಳಗಿನ ತಿಂಡಿಯ ಹೊತ್ತಿಗೆಲ್ಲ ಪಂದ್ಯವೇ ಮುಗಿದಿತ್ತು, ಎಲ್ಲ ಚೆನ್ನಾಗಿ ಹಿಡಿದುಕೊಂಡು ಹೋದರು. ಕಪ್ಪು ಕೊಡಲು ಮುಖ್ಯ ಅತಿಥಿ ಯಾರು ಅಂತೀರಿ, ಹಿಂದಿನ ವರ್ಷದ ಚಾಂಪಿಯನ್ ಸರ್ದಾರ್ ಸಾಬರು. ಮನೆಗೇ ಬಂದು ಕೈಹಿಡಿದು ಎಳೆದುಕೊಂಡು ಹೋದರು, ಬೇಡ ಅಂದರೂ ಬಿಡಲಿಲ್ಲ. ಹೆಗಲಿಗೆ ಶಾಲು ಹೊದ್ದುಕೊಂಡು ವಾಪಸ್ ಬಂದ ಮನುಷ್ಯ ಬಿಸಿಲು ಬಡಿದವರ ಹಾಗಿದ್ದರು. ಆ ಶಾಲು ಎಷ್ಟು ದಿನವಾದರೂ ನಮ್ಮ ನಡುಗೋಡೆಯ ಮೇಲೇ ಬಿದ್ದಿತ್ತು, ಅವರೂ ತೆಗೆಯಲಿಲ್ಲ, ನಾನೂ ಮುಟ್ಟಲಿಲ್ಲ.

ಅದಾದ ಮುಂದಿನ ಶನಿವಾರ ಸಾಬರು ನಮ್ಮ ಬಾಗಿಲಿಗೆ ಬಂದು ನಿಂತರು. ನಾಳೆ ಬಿಳೀದು ಒಣಹಾಕಬೇಡಿ ಟೀಚರಮ್ಮ ಅಂದರು. ಅಮೃತಹಳ್ಳಿಯಿಂದ ಯಾರು ಬಂದು ಕೂರುತ್ತಾರೆ ಅಂತ ಕೇಳಿದೆ. ಯಾರೂ ಇಲ್ಲ, ಇಲ್ಲಿಂದಲೂ ಯಾರೂ ಹೋಗುವುದಿಲ್ಲ, ಲಕ್ಕಣ್ಣ ಹೇಳಿ ಕಳಿಸಿದ್ದಾನೆ ಅಂದರು. ಅವರವರ ಹಕ್ಕಿಯನ್ನು ಅವರವರೇ ನೋಡಿಕೊಳ್ಳುವುದು, ಮೊದಲು ಇಳಿದವನು ಬಂದು ಹೇಳುವುದು, ಅಷ್ಟೇ.

ಭಾನುವಾರ ಬೀದಿಯಲ್ಲಿ ಯಾರಿಗೂ ಪಂದ್ಯದ ಸುದ್ದಿಯೇ ಇಲ್ಲ, ಆದರೂ ಸಾಬರು ಮನೆ ಮನೆಗೆ ಬಂದು ಕೇಳಿದ್ದಕ್ಕೆ ಯಾರೂ ಬಿಳಿ ಬಟ್ಟೆ ಒಣಹಾಕಲಿಲ್ಲ. ಸುರ್ಮಾ ಏರಿದಳು, ಸಾಸಿವೆಯಾದಳು. ಮಧ್ಯಾಹ್ನ ಕಳೆಯಿತು. ಸಾಬರು ಕೂತ ಜಾಗ ಬಿಟ್ಟೇಳಲಿಲ್ಲ. ಬಿಸಿಲು ಹಳದಿಯಾಗುವ ಹೊತ್ತಿಗೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ಲಕ್ಕಣ್ಣ ಬಂದ. ಬಸ್ಸಿನಲ್ಲಿ ನಿಂತು ಬಂದು ಅಂಗಿ ಬೆವತಿತ್ತು, ಕೈಯಲ್ಲಿ ದ್ರಾಕ್ಷಿಯ ಬುಟ್ಟಿ. ಮೇಲೆ ನೋಡಲೂ ಇಲ್ಲ, ಸಾಬರ ಎದುರು ನಿಂತು ಹೇಳಿದ.

‘ನಿಮ್ದು ನಿಂತ್ಕೊಂತು ಸಾಬ್ರೇ, ನಮ್ದು ಇಳೀತು.’

ಸಾಬರು ಎದ್ದು ನಿಂತರು. ಬಾಯಿ ಅರ್ಧ ತೆರೆಯಿತು, ಕಣ್ಣಿಂದ ಬಳಬಳ ನೀರು ಇಳಿಯಿತು. ಗೋಡೆಯ ಈಚೆ ನಿಂತು ನಾನು ನೋಡಿದೆ. ಟೀವಿಯ ತುಂಬ ಬಂದಿತ್ತಲ್ಲ, ಅದೇ ಮುಖ. ಅವತ್ತು ಆ ಹೆಣ್ಣುಮಗಳು ಆಡಿದ ಮಾತು ಇವತ್ತು ನಿಜವಾಗಿತ್ತು, ಹಿಡಿಯಲು ಕ್ಯಾಮೆರಾ ಇರಲಿಲ್ಲ.

ಸಾಬರು ಹಕ್ಕಿಯನ್ನು ಇಳಿಸಲು ಗಳುವಿಗೆ ಕೈ ಹಾಕಿದರು. ಲಕ್ಕಣ್ಣ ತಡೆದ, ‘ಇರ್ಲಿ ಬುಡಿ, ಅದಾಗೇ ಇಳೀಲಿ’ ಅಂದ. ಕೆಳಗೆ ನಮ್ಮ ಹಜಾರದಲ್ಲಿ ಆಗ ಟೀವಿ ಹಾಕಿದ್ದರು, ಹಿಂದಿನ ವಾರದ ಹುಡುಗರ ಪಂದ್ಯ ಬರುತ್ತಿತ್ತು, ಚಪ್ಪಾಳೆ ಮೇಲಿನವರೆಗೂ ಕೇಳುತ್ತಿತ್ತು. ಯಜಮಾನರು ಎರಡು ಸಲ ನನ್ನನ್ನು ಕರೆದರು. ನಾನು ಹೋಗಲಿಲ್ಲ. ಸುರ್ಮಾ ಇಳಿಯುವವರೆಗೂ ಅವರಿಬ್ಬರ ಜೊತೆ ಕತ್ತೆತ್ತಿಕೊಂಡು ಅಲ್ಲೇ ಇದ್ದೆ.